ಜಾತ್ರೆಯಲ್ಲಿ ಮಾಸಿದ ಹೆಸರು



ಕಣ್ಣು ಕುಕ್ಕುವ ಹೊಳಪು, ಆದರೆ ಸತ್ವವಿಲ್ಲ. ಅಂಥ ಅಗ್ಗದ ಥಳಕಿಗೆ ಇಂಗ್ಲಿಷಿನಲ್ಲಿ ‘ಟಾಡ್ರಿ’ ಅನ್ನುತ್ತಾರೆ. ತಿರಸ್ಕಾರದ ಈ ಮಾತು ಹುಟ್ಟಿದ್ದು ಒಡವೆಗಳನ್ನೇ ತೊರೆದ ಒಬ್ಬ ರಾಣಿಯ ಹೆಸರಿನಿಂದ.

ಆಕೆ ಎಥೆಲ್‌ಡ್ರೆಡ. ಏಳನೆಯ ಶತಮಾನದವಳು. ಈಸ್ಟ್ ಆಂಗ್ಲಿಯದ ದೊರೆಯ ಮಗಳು, ನಾರ್ಥಂಬ್ರಿಯದ ಅರಸ ಎಗ್‌ಫ್ರಿತ್‌ನ ಮಡದಿ. ಅರಮನೆ ಬಿಟ್ಟು ಸನ್ಯಾಸಿನಿಯಾಗಿ, 673ರಲ್ಲಿ ಜೌಗುನೆಲದ ನಡುವಣ ಈಲಿಯಲ್ಲಿ ಮಠ ಕಟ್ಟಿದಳು. ಆಕೆಯ ಕಥೆ ನಮಗೆ ಸಿಗುವುದು ಪಾದ್ರಿ ಬೀಡ್ 731ರಲ್ಲಿ ಮುಗಿಸಿದ ಚರಿತ್ರೆಯಲ್ಲಿ. ನಯವಾದ ನಾರುಬಟ್ಟೆ ಬಿಟ್ಟು ಉಣ್ಣೆಯನ್ನೇ ಉಡುತ್ತಿದ್ದಳಂತೆ. ಬಿಸಿನೀರಿನ ಸ್ನಾನ ದೊಡ್ಡ ಹಬ್ಬಗಳ ಮುನ್ನ ಮಾತ್ರ. ಅದೂ ಮಠದ ಉಳಿದ ಹೆಂಗಸರಿಗೆಲ್ಲ ತಾನು ಉಪಚಾರ ಮಾಡಿ, ಎಲ್ಲರ ಸ್ನಾನವಾದ ಮೇಲೆ. ರಾಣಿಯಾಗಿದ್ದವಳು ಕೊನೆಯ ಸರದಿ ಕಾಯುತ್ತಿದ್ದಳು ಅನ್ನುವುದೇ ನನಗೆ ಈ ಕಥೆಯಲ್ಲಿ ಬಲು ದೊಡ್ಡದು.

679ರಲ್ಲಿ ಕುತ್ತಿಗೆಯ ಮೇಲೆ ಗಡ್ಡೆಯೆದ್ದು ತೀರಿಕೊಂಡಳು. ಆ ನೋವನ್ನೂ ಆಕೆ ಸಂತೋಷದಿಂದ ಸಹಿಸಿದಳೆಂದು ಬೀಡ್ ಬರೆಯುತ್ತಾನೆ. ಎಳೆಯ ಪ್ರಾಯದಲ್ಲಿ ಇದೇ ಕೊರಳಿಗೆ ಹಾರಗಳನ್ನು ಹೊರಿಸಿದ್ದೆ, ಆ ಋಣ ಹೀಗೆ ತೀರುತ್ತಿದೆ ಎಂಬುದು ಆಕೆಯ ನಂಬಿಕೆ.

ಜನರ ಬಾಯಲ್ಲಿ ಎಥೆಲ್‌ಡ್ರೆಡ ಸವೆದು ‘ಆಡ್ರಿ’ಯಾದಳು. ಈಲಿಯಲ್ಲಿ ಆಕೆಯ ಹೆಸರಿನ ಜಾತ್ರೆ ನೆರೆಯಿತು. ಅಲ್ಲಿ ಬಿಕರಿಯಾದ ಸರಕಿನಲ್ಲಿ ಹೆಂಗಸರು ಕೊರಳಿಗೆ ಕಟ್ಟಿಕೊಳ್ಳುವ ರೇಷ್ಮೆ ಪಟ್ಟಿಯೂ ಇತ್ತು. ಅದಕ್ಕೆ ‘ಸೇಂಟ್ ಆಡ್ರಿಯ ಲೇಸ್’ ಎಂದೇ ಹೆಸರು. ಹಾರ ಹಾಕಿಕೊಂಡೆನಲ್ಲಾ ಎಂದು ಮರುಗಿದವಳ ಹೆಸರಿನಲ್ಲೇ ಕೊರಳ ಅಲಂಕಾರ! ಬೇಗ ಬೇಗ ಹೇಳುವಾಗ ‘ಸೇಂಟ್’ ಪದದ ಕೊನೆಯ ಟಕಾರ ‘ಆಡ್ರಿ’ಗೆ ಅಂಟಿ ‘ಟಾಡ್ರಿ’ ಆಯಿತು. ಲಂಡನ್ನಿನ ಟೂಲಿ ಸ್ಟ್ರೀಟ್ ಕೂಡ ಹೀಗೆಯೇ ಸೇಂಟ್ ಓಲಾಫನ ಹೆಸರಿನಿಂದ ಬಂದದ್ದು.

ಮೊದಮೊದಲು ಈ ಮಾತಿನಲ್ಲಿ ಹೀಯಾಳಿಕೆ ಇರಲಿಲ್ಲ. ಷೇಕ್ಸ್‌ಪಿಯರನ ‘ದಿ ವಿಂಟರ್ಸ್ ಟೇಲ್’ ನಾಟಕದಲ್ಲಿ ಮಾಪ್ಸಾ ಎಂಬ ಹಳ್ಳಿ ಹುಡುಗಿ ತನಗೆ ಟಾಡ್ರಿ ಲೇಸ್ ಕೊಡಿಸುವ ಮಾತು ಕೊಟ್ಟಿದ್ದೆಯಲ್ಲ ಎಂದು ಆಸೆಯಿಂದಲೇ ನೆನಪಿಸುತ್ತಾಳೆ. ಹದಿನೇಳನೆಯ ಶತಮಾನ ಮುಗಿಯುವ ಹೊತ್ತಿಗೆ ಅರ್ಥ ಕೆಟ್ಟಿತ್ತು. ಕಳಪೆ ಮಾಲು ಒಂದು ಕಾರಣ. ಇನ್ನೊಂದೂ ಇದೆ ಎಂದು ನನಗನ್ನಿಸುತ್ತದೆ: ಎಂಟನೆಯ ಹೆನ್ರಿಯ ಕಾಲದಲ್ಲಿ, 1539ರಲ್ಲಿ, ಈಲಿಯ ಮಠ ಮುಚ್ಚಿತ್ತು, ಬಳಿಕ ಆಕೆಯ ಸಮಾಧಿಯೂ ನಾಶವಾಗಿತ್ತು. ಆಮೇಲೆ ಆ ಹೆಸರಿನ ಮಾನ ಕಾಯುವವರು ಯಾರು?

ಟಕಾರ ಅಂಟದ ‘ಆಡ್ರಿ’ಗೆ ಮಾತ್ರ ಆ ಕಳಂಕ ತಟ್ಟಲಿಲ್ಲ. ಸಿನಿಮಾ ನಟಿ ಆಡ್ರಿ ಹೆಪ್‌ಬರ್ನ್‌ಗೆ ಇದ್ದದ್ದು ಈಲಿಯ ಆ ರಾಣಿಯದೇ ಹೆಸರು.