ಎಲೆಯ ಅಡಿಗೆ: ಆಗುಂಬೆಯಲ್ಲಿ, ವಿಕ್ರೋಳಿಯಲ್ಲಿ
(ಸಂಘದ ಕೂಟದಲ್ಲಿ ಓದಿದ ಭಾಷಣ)



ರಾಜ್ಯೋತ್ಸವದ ಸಭೆಯಲ್ಲಿ ಮರದ ಮಾತೇಕೆಂದು ತಾವು ಕೇಳಬಹುದು. ವಿಕ್ರೋಳಿಯಲ್ಲಿ ನೆಲಸಿರುವ ನಮ್ಮಲ್ಲಿ ಹಲವರು ಮಲೆನಾಡು, ಕರಾವಳಿಗಳಿಂದ ಬಂದವರು. ಊರ ಕಾಡನ್ನು ನೆನೆದು ನಿಟ್ಟುಸಿರಿಡುತ್ತೇವೆ. ಹೆದ್ದಾರಿಯಾಚೆ ಠಾಣೆ ಖಾಡಿಯ ಕೆಸರಿನಲ್ಲಿ ನಿಂತ ಕಾಡನ್ನು ಮಾತ್ರ ಕಣ್ಣೆತ್ತಿ ನೋಡುವುದಿಲ್ಲ.

ಎರಡು ಕಾಡಿನ ಎಲೆಗಳೂ ಮಾಡುವ ಕೆಲಸ ಒಂದೇ. ಬಿಸಿಲಿನ ಬಲದಿಂದ ನೀರನ್ನೂ ಗಾಳಿಯಲ್ಲಿನ ಇಂಗಾಲಾಮ್ಲವನ್ನೂ ಕೂಡಿಸಿ ಸಕ್ಕರೆ ಮಾಡಿಕೊಳ್ಳುವುದು. ಇದಕ್ಕೆ ದ್ಯುತಿಸಂಶ್ಲೇಷಣೆಯೆಂಬ ದೊಡ್ಡ ಹೆಸರಿದೆ. ನಾವು ಅಡಿಗೆ ಎನ್ನೋಣ. ತೊಡಕಿರುವುದು ಬಾಗಿಲಿನಲ್ಲಿ. ಎಲೆಯ ಮೈಯಲ್ಲಿರುವ ಸೂಕ್ಷ್ಮ ರಂಧ್ರಗಳಿಂದಲೇ ಇಂಗಾಲಾಮ್ಲ ಒಳಬರಬೇಕು. ಅವುಗಳಿಂದಲೇ ನೀರು ಆವಿಯಾಗಿ ಹೊರಹೋಗುತ್ತದೆ. ಬಾಗಿಲು ತೆರೆದರೆ ಬಾಯಾರಿಕೆ, ಮುಚ್ಚಿದರೆ ಹಸಿವು.

ಆಗುಂಬೆಯಲ್ಲಿ ವರ್ಷಕ್ಕೆ ಸುಮಾರು ೭,೦೦೦ ಮಿಲಿಮೀಟರು ಮಳೆ. ಮಳೆಗಾಲದಲ್ಲಿ ಅಲ್ಲಿ ಬರವಿರುವುದು ನೀರಿಗಲ್ಲ, ಬೆಳಕಿಗೆ. ದಟ್ಟವಾದ ಮಳೆಕಾಡಿನ ನೆಲಕ್ಕೆ ಮೇಲಣ ಬೆಳಕಿನಲ್ಲಿ ನೂರಕ್ಕೆ ೧-೨ ಪಾಲು ಇಳಿದರೆ ಹೆಚ್ಚು. ಬುಡದ ಸಸಿಯು ತೆಳ್ಳನೆಯ ಎಲೆಗಳನ್ನು ಹರಡಿಕೊಂಡು, ಸಂದಿಯಿಂದ ಬಿದ್ದು ಮಾಯವಾಗುವ ಬಿಸಿಲ ಚುಕ್ಕೆಗಾಗಿ ಕಾದಿರುತ್ತದೆ. ನೆತ್ತಿಯ ಎಲೆಯ ಕಷ್ಟ ಬೇರೆ. ಬೇಸಗೆಯ ನಡುಹಗಲಲ್ಲಿ ಗಾಳಿ ಒಣಗಿದರೆ ರಂಧ್ರ ಮುಚ್ಚುತ್ತದೆ. ಆವಿಯ ತಂಪು ತಪ್ಪಿ ಎಲೆಯು ಸುತ್ತಲ ಗಾಳಿಗಿಂತಲೂ ಹೆಚ್ಚಾಗಿ ಕಾಯುತ್ತದೆ. ಉಷ್ಣವಲಯದ ಮರಗಳಲ್ಲಿ ಈ ಅಡಿಗೆ ಕೆಡತೊಡಗುವುದು ಸರಾಸರಿ ೪೬.೭ ಡಿಗ್ರಿ ಸೆಂಟಿಗ್ರೇಡಿನಲ್ಲಿ ಎಂದೂ, ನೆತ್ತಿಯ ಎಲೆಗಳಲ್ಲಿ ಹತ್ತು ಸಾವಿರಕ್ಕೆ ಒಂದು ಈಗಾಗಲೇ ಆ ಮಿತಿಯನ್ನು ದಾಟುತ್ತಿದೆಯೆಂದೂ ೨೦೨೩ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದ ಅಧ್ಯಯನವೊಂದು ತಿಳಿಸಿತು.

ಇನ್ನು ನಮ್ಮ ಖಾಡಿ. ಇಲ್ಲಿ ಹೆಚ್ಚಾಗಿ ಇರುವ ಮರವನ್ನು ಮರಾಠಿ ನೆರೆಯವರು ತಿವರ ಎನ್ನುತ್ತಾರೆ. ಶಾಸ್ತ್ರಜ್ಞರಿಗೆ ಅದು ಅವಿಸೆನಿಯ ಮರೀನ. ಹೊನ್ನಾವರ, ಕುಂದಾಪುರದವರು ಬಲ್ಲ ಕಾಂಡ್ಲಾವನದ ಕೂಟಕ್ಕೆ ಸೇರಿದ್ದು. ಬೆಳಕು ಧಾರಾಳ, ಭರತ ಬಂದಾಗಲೆಲ್ಲ ಬುಡಕ್ಕೆ ನೀರು. ಆದರೂ ಬಾಯಾರಿಕೆ! ಕಡಲ ನೀರಿನ ಉಪ್ಪನ್ನು ಸೋಲಿಸಿ ನೀರನ್ನೆಳೆಯಲು ಬೇರಿಗೆ ಸುಮಾರು ೨೫ ವಾಯುಭಾರಕ್ಕೂ ಮಿಗಿಲಾದ ಸೆಳೆತ ಬೇಕು. ಉಪ್ಪಿನ ಬಹುಪಾಲನ್ನು ಬೇರೇ ಸೋಸಿಬಿಡುತ್ತದೆ. ತಪ್ಪಿಸಿಕೊಂಡು ಬಂದದ್ದನ್ನು ಎಲೆಯ ಗ್ರಂಥಿಗಳು ಹೊರಹಾಕುತ್ತವೆ. ಎಲೆಯನ್ನು ನಾಲಗೆಗೆ ತಾಗಿಸಿದರೆ ಉಪ್ಪು! (ನಾವು ತಾಗಿಸಿ ನೋಡಿದೆವು, ಮನೆಯ ಮಕ್ಕಳು ನಕ್ಕರು.) ಇಷ್ಟು ಕಷ್ಟದಿಂದ ಗಳಿಸಿದ ನೀರನ್ನು ಮರವು ಜಿಪುಣನಂತೆ ಖರ್ಚುಮಾಡುತ್ತದೆ. ಮಳೆಗಾಲದಲ್ಲಿ ಉಪ್ಪು ತಿಳಿಯಾದಾಗ ಬಾಗಿಲು ಸಡಿಲ, ಬೇಸಗೆಯಲ್ಲಿ ಬಿಗಿ.

ಕೆಸರಿನೊಳಗೆ ಆಮ್ಲಜನಕಕ್ಕೂ ಬರ. ಆದಕಾರಣ ಬೇರುಗಳು ಪೆನ್ಸಿಲಿನಂತೆ ಮೇಲೆದ್ದು, ಇಳಿತದ ಹೊತ್ತಿನಲ್ಲಿ ಉಸಿರಾಡುತ್ತವೆ. ಅವುಗಳ ಮೇಲೆ ಮನೆ ಕೆಡವಿದ ಕಲ್ಲುಮಣ್ಣನ್ನು ಸುರಿದರೆ ಸಾಕು, ಕೊಡಲಿ ಬೇಡ. ಉಸಿರುಗಟ್ಟಿದ ಬೇರು ಉಪ್ಪನ್ನು ಸೋಸಲಾರದು, ನೀರನ್ನೇರಿಸಲಾರದು. ಎಲೆ ಬಾಗಿಲು ಮುಚ್ಚಿಕೊಂಡು, ಸುತ್ತಲೂ ಬಿಸಿಲಿರುವಾಗಲೇ ಹಸಿದು ಹಳದಿಯಾಗಿ ಉದುರುತ್ತದೆ. ಇಂಥ ವನದ ನಾಶವು ಸಂವಿಧಾನದ ೨೧ನೆಯ ವಿಧಿಯ ಜೀವಿಸುವ ಹಕ್ಕಿಗೆ ಭಂಗವೆಂದು ಮುಂಬಯಿ ಹೈಕೋರ್ಟು ೨೦೧೮ರಲ್ಲಿ ತೀರ್ಪಿತ್ತಿತು. ರಾತ್ರಿ ಬರುವ ಲಾರಿಗಳು ತೀರ್ಪನ್ನು ಓದಿದಂತೆ ಕಾಣುವುದಿಲ್ಲ.

ವಿಕ್ರೋಳಿಯಲ್ಲಿ ಗೋದ್ರೆಜ್‌ನವರು ದಶಕಗಳಿಂದ ಕಾಪಾಡಿಕೊಂಡು ಬಂದಿರುವ ವನವಿದೆ. ಸಂಘದ ವತಿಯಿಂದ ಅನುಮತಿ ಪಡೆದು, ಇಳಿತದ ವೇಳೆ ನೋಡಿಕೊಂಡು, ಒಂದು ಭಾನುವಾರ ಮಕ್ಕಳನ್ನು ಅಲ್ಲಿಗೆ ಕರೆದೊಯ್ಯಬೇಕೆಂದು ಕಾರ್ಯಕಾರಿ ಸಮಿತಿಯನ್ನು ಬೇಡುತ್ತೇವೆ. ಹಳೆಯ ಚಪ್ಪಲಿ ಹಾಕಿಕೊಂಡು ಬರತಕ್ಕದ್ದು.