ಅರ್ಧದಾರಿಯ ವಿವೇಕ

ಮಾಗಡಿಯ ಸಮೀಪದಲ್ಲಿ, ಸಮುದ್ರಮಟ್ಟದಿಂದ 1226 ಮೀಟರ್ ಎತ್ತರಕ್ಕೆ ತಲೆಯೆತ್ತಿ ನಿಂತ ಸಾವನದುರ್ಗದ ಏಕಶಿಲೆಯನ್ನು, ತಪ್ಪಲಿನ ವೀರಭದ್ರಸ್ವಾಮಿಗೂ ನರಸಿಂಹಸ್ವಾಮಿಗೂ ಕೈಮುಗಿದು ಏರಹೊರಟವರಿಗೆ, ನುಣುಪಾದ ಬಂಡೆಯ ಮೇಲೆ ಕಾಲು ಜಾರಿ ಹರಡು ಉಳುಕಿತೆಂದರೆ, ಶಿಖರದ ಹಂಬಲವೆಲ್ಲ ಆ ಕ್ಷಣವೇ ಅಡಗಿ, ಮುಂದಿನ ಕರ್ತವ್ಯವೇನೆಂಬ ಪ್ರಶ್ನೆಯೊಂದೇ ಉಳಿಯುತ್ತದೆ. ನೋವನ್ನು ನುಂಗಿ ಮುಂದುವರಿಯುವುದು ಶೌರ್ಯವೆಂದು ತೋರಬಹುದಾದರೂ, ಹತ್ತುವುದಕ್ಕಿಂತ ಇಳಿಯುವುದೇ ಕಠಿನವಾದ ಆ ಕಡಿದಾದ ಶಿಲೆಯಲ್ಲಿ, ಒಡನೆಯೇ ಕುಳಿತು, ಕಾಲನ್ನು ಬಟ್ಟೆಯಿಂದ ಹದವಾಗಿ ಸುತ್ತಿ, ಸಹಚರರ ಹೆಗಲನ್ನಾಶ್ರಯಿಸಿ, ಅದಾಗದಿದ್ದಲ್ಲಿ 108ಕ್ಕೆ ಕರೆಮಾಡಿ, ಹಗಲಿರುವಾಗಲೇ ಕೆಳಗೆ ತಲಪುವುದೇ ವಿವೇಕ. ಗಾಯಗೊಂಡವನನ್ನು ತೊರೆದು ಶಿಖರ ಮುಟ್ಟಿದವನಿಗಿಂತ, ಅವನೊಡನೆ ಅರ್ಧದಾರಿಯಿಂದ ಹಿಂದಿರುಗಿದವನೇ ಶ್ರೇಷ್ಠನು. ಆತ್ಮೀಯ ಕೇಳುಗರೇ, ಬೆಟ್ಟಕ್ಕೆ ಏಕಾಂಗಿಯಾಗಿ ಹೊರಡದಿರಿ. ಜೊತೆಗಾರನ ಕಾಲು ಸೋತಲ್ಲಿ ನಿಮ್ಮ ಆರೋಹಣವನ್ನೂ ಅಲ್ಲಿಗೇ ಮುಗಿಸಿರಿ.