ಪಟ್ಟಣದ ಹೊಸ ಜಗಲಿಗಳು

ಒಂದು ದಶಕದಲ್ಲಿ ಲೋಕದ ನಗರಗಳಲ್ಲಿ ಎದ್ದುನಿಂತ ಕಟ್ಟಡಗಳಲ್ಲಿಯೂ ತೆರವಾದ ಸಾರ್ವಜನಿಕ ಸ್ಥಳಗಳಲ್ಲಿಯೂ ಅತ್ಯುತ್ತಮವಾದುವು ಯಾವುವು ಎಂಬುದು ಈ ಹೊತ್ತಿನ ವಿಷಯ. 2010ರಿಂದ 2019ರವರೆಗಿನ ಹತ್ತು ವರ್ಷಗಳನ್ನು ಆರಿಸಿಕೊಂಡಿದ್ದೇನೆ. ದಶಕ ಮುಗಿಯುತ್ತಲೇ ವಾಸ್ತುಶಿಲ್ಪದ ಪತ್ರಿಕೆಗಳು ಇಂಥ ಪಟ್ಟಿಗಳನ್ನು ಪ್ರಕಟಿಸುವುದು ವಾಡಿಕೆ. ಅವುಗಳ ಜೊತೆಗೆ ಬರುವ ಚಿತ್ರಗಳನ್ನು ನೋಡಿದವರಿಗೆ ಒಂದು ಸಂಗತಿ ಕಣ್ಣಿಗೆ ಬಿದ್ದಿರಬೇಕು. ಆ ಚಿತ್ರಗಳಲ್ಲಿ ಮನುಷ್ಯರಿರುವುದಿಲ್ಲ. ಬಳುಕಿದ ಗಾಜಿನ ಗೋಡೆ, ನೀರಿನಲ್ಲಿ ಅದರ ಪ್ರತಿಬಿಂಬ, ಮೇಲೆ ಸಂಜೆಯ ಆಕಾಶ. ಎಲ್ಲೋ ಒಂದು ಮೂಲೆಯಲ್ಲಿ ಒಬ್ಬ ವ್ಯಕ್ತಿ ನಡೆದುಹೋಗುತ್ತಿದ್ದರೆ ಅವನಿರುವುದು ಕಟ್ಟಡ ಎಷ್ಟು ದೊಡ್ಡದು ಎಂಬುದನ್ನು ತೋರಿಸುವುದಕ್ಕೆ.

ನಾನು ಬೇರೊಂದು ಅಳತೆಗೋಲನ್ನು ಹಿಡಿಯಬೇಕೆಂದಿದ್ದೇನೆ. ಅದು ನಮ್ಮ ಹಳೆಯ ಮನೆಗಳ ಜಗಲಿ. ಕಾಗದಪತ್ರದ ಪ್ರಕಾರ ಜಗಲಿ ಮನೆಯವನದು; ಬಳಕೆಯಲ್ಲಿ ಅರ್ಧ ಬೀದಿಯದು. ಬಿಸಿಲಿನಲ್ಲಿ ಬಂದ ದಾರಿಹೋಕ ಗಂಟು ಇಳಿಸಿ ಅಲ್ಲಿ ಕುಳಿತರೆ, ಏಕೆ ಕುಳಿತೆ ಎಂದು ಕೇಳುವುದು ಮರ್ಯಾದೆಯಲ್ಲ. ಕೊಳ್ಳುವುದಕ್ಕೆ ಬಂದವನೆ, ಕೆಲಸವಿದ್ದು ಬಂದವನೆ ಎಂಬ ವಿಚಾರಣೆ ಅಲ್ಲಿರಲಿಲ್ಲ. ಆದರೆ ಜಗಲಿಯನ್ನು ಹೊಗಳುವಾಗ ಇನ್ನೊಂದು ಮಾತನ್ನು ನುಂಗಿಕೊಳ್ಳಲಾಗದು. ಎಲ್ಲರಿಗೂ ಅದನ್ನು ಹತ್ತುವ ಅಧಿಕಾರವಿರಲಿಲ್ಲ. ಬೀದಿಯಲ್ಲಿಯೇ ನಿಂತು ಮಾತನಾಡಿ ಹಿಂದಿರುಗಬೇಕಾದವರು ಪ್ರತಿಯೊಂದು ಊರಿನಲ್ಲಿಯೂ ಇದ್ದರು. ಆದುದರಿಂದ ಜಗಲಿಯನ್ನು ಕಂಡೊಡನೆ ಎರಡು ಪ್ರಶ್ನೆ ಕೇಳಬೇಕಾಗುತ್ತದೆ: ಯಾರು ಕುಳಿತಿದ್ದಾರೆ, ಯಾರನ್ನು ಏಳಿಸಿದ್ದಾರೆ? ಹೊಸ ನಗರಗಳ ಹೊಸ ಕಟ್ಟಡಗಳಿಗೂ ಇದೇ ಪ್ರಶ್ನೆಗಳನ್ನು ಹಾಕಿದರೆ ಪತ್ರಿಕೆಗಳ ಪಟ್ಟಿ ಬಹಳಷ್ಟು ತಲೆಕೆಳಗಾಗುತ್ತದೆ.

ಓದುಗರಿಗೆ ಪ್ರಿಯವಾದ ಗ್ರಂಥಾಲಯದಿಂದಲೇ ಆರಂಭಿಸೋಣ. 2017ರ ಅಕ್ಟೋಬರಿನಲ್ಲಿ ಚೀನಾದ ತಿಯಾಂಜಿನ್ ನಗರದ ಬಿನ್‌ಹೈ ಪ್ರದೇಶದಲ್ಲಿ ಒಂದು ಗ್ರಂಥಾಲಯ ತೆರೆಯಿತು. ಹಾಲೆಂಡಿನ ಎಂ.ವಿ.ಆರ್.ಡಿ.ವಿ. ಎಂಬ ವಾಸ್ತುಶಿಲ್ಪಿಗಳ ಸಂಸ್ಥೆ ಅದರ ವಿನ್ಯಾಸ ಮಾಡಿತು. ಮೊದಲ ನಕ್ಷೆಯಿಂದ ಬಾಗಿಲು ತೆರೆಯುವವರೆಗೆ ಹಿಡಿದದ್ದು ಮೂರೇ ವರ್ಷ. ನಡುವೆ ಬಿಳಿಯ ದೊಡ್ಡದೊಂದು ಗೋಳ. ಅದರ ಸುತ್ತ ನೆಲದಿಂದ ಮಾಡಿನವರೆಗೆ ಅಲೆಅಲೆಯಾಗಿ ಏರುವ ಕಪಾಟುಗಳು. ಕಪಾಟಿನ ತುಂಬ ಪುಸ್ತಕ. ಹನ್ನೆರಡು ಲಕ್ಷ ಪುಸ್ತಕ ಹಿಡಿಸುವ ಕಟ್ಟಡವೆಂದು ಪ್ರಚಾರವಾಯಿತು. ಆ ಚಿತ್ರ ಕೆಲವೇ ದಿನಗಳಲ್ಲಿ ಲೋಕವನ್ನೆಲ್ಲ ಸುತ್ತಿತು. ಹತ್ತಿರ ಹೋಗಿ ನೋಡಿದವರಿಗೆ ತಿಳಿದದ್ದೇನೆಂದರೆ, ಎತ್ತರದ ಕಪಾಟುಗಳಲ್ಲಿರುವುದು ಪುಸ್ತಕವಲ್ಲ, ಅಲ್ಯೂಮಿನಿಯಂ ತಗಡಿನ ಮೇಲೆ ಅಚ್ಚುಹಾಕಿದ ಪುಸ್ತಕಗಳ ಬೆನ್ನುಗಳ ಚಿತ್ರ. ಹಿಂದಿನ ಕೋಣೆಗಳಿಂದ ಆ ಕಪಾಟುಗಳನ್ನು ತಲುಪುವ ಏರ್ಪಾಡು ಮೊದಲ ನಕ್ಷೆಯಲ್ಲಿತ್ತು. ಅವಸರದಲ್ಲಿ ಅದು ಬಿಟ್ಟುಹೋಯಿತು. ನಿಜವಾದ ಪುಸ್ತಕಗಳು ಬದಿಯ ಕೋಣೆಗಳಲ್ಲಿವೆ. ತಗಡಿನ ಪುಸ್ತಕವೆಂದು ನಾವು ನಗಬಹುದು. ಗಾಜಿನ ಬೀರುವಿನಲ್ಲಿಟ್ಟು ಬೀಗ ಹಾಕಿದ ಪುಸ್ತಕಗಳನ್ನು ಕಂಡು ಬೆಳೆದ ನಾವು ಕೊಂಚ ಮೆಲ್ಲಗೆ ನಗಬೇಕಾದೀತು. ನ್ಯಾಯವಾಗಿ ಹೇಳಬೇಕಾದರೆ, ಆ ಊರಿನ ಮಕ್ಕಳು ಕಪಾಟಿನ ಅಲೆಗಳನ್ನೇ ಮೆಟ್ಟಿಲು ಮಾಡಿಕೊಂಡು ಕುಳಿತು ಓದುತ್ತಾರೆ. ಕಟ್ಟಡದ ಮರ್ಯಾದೆಯನ್ನು ಉಳಿಸಿದವರು ಅವರು.

ಇದರ ಮರುವರ್ಷ, 2018ರ ಡಿಸೆಂಬರ್ 5ರಂದು, ಫಿನ್ಲೆಂಡಿನ ರಾಜಧಾನಿ ಹೆಲ್ಸಿಂಕಿಯಲ್ಲಿ ಇನ್ನೊಂದು ಗ್ರಂಥಾಲಯ ತೆರೆಯಿತು. ಮರುದಿನ ಆ ದೇಶದ ಸ್ವಾತಂತ್ರ್ಯ ದಿನ. ಸ್ವಾತಂತ್ರ್ಯಕ್ಕೆ ನೂರು ವರ್ಷ ತುಂಬಿದ ನೆನಪಿಗೆ ಜನರಿಗೆ ಏನು ಕೊಡಬೇಕೆಂಬ ಆಲೋಚನೆಯಲ್ಲಿ ಆ ದೇಶದವರು ಸ್ತಂಭವನ್ನೋ ಪ್ರತಿಮೆಯನ್ನೋ ನಿಲ್ಲಿಸದೆ ಪುಸ್ತಕದ ಮನೆ ಕಟ್ಟಿದರು. ಅದರ ಹೆಸರು ‘ಓಡಿ’. ಅವರ ಭಾಷೆಯಲ್ಲಿ ಅದಕ್ಕೆ ಪ್ರಗಾಥ ಎಂದರ್ಥ. ಕನ್ನಡದ ಕಿವಿಗೆ ಅದು ಬೇರೆಯೇ ಆಜ್ಞೆಯಂತೆ ಕೇಳುತ್ತದೆ. ಆದರೆ ಲೋಕದಲ್ಲಿ ಯಾರನ್ನೂ ಓಡಿಸದ ಕಟ್ಟಡ ಒಂದಿದ್ದರೆ ಅದು ಇದೇ ಎಂದು ತೋರುತ್ತದೆ.

ನಗರದ ನಡುಮಧ್ಯೆ, ರೈಲು ನಿಲ್ದಾಣದ ಸಮೀಪದಲ್ಲಿ, ಸಂಸತ್ ಭವನದ ಎದುರಿಗೆ ಅದು ನಿಂತಿದೆ. ನಡುವೆ ‘ನಾಗರಿಕರ ಚೌಕ’ ಎಂಬ ಬಯಲು. ಎ.ಎಲ್.ಎ. ಎಂಬ ಸ್ಥಳೀಯ ವಾಸ್ತುಶಿಲ್ಪಿಗಳ ತಂಡ ಐನೂರಕ್ಕೂ ಹೆಚ್ಚು ನಕ್ಷೆಗಳ ಸ್ಪರ್ಧೆಯಲ್ಲಿ ಗೆದ್ದು ಮಾಡಿದ ವಿನ್ಯಾಸ. ನೂರು ಮೀಟರಿಗೂ ಮೀರಿದ ಉಕ್ಕಿನ ಕಮಾನುಗಳ ಮೇಲೆ ಕಟ್ಟಡವನ್ನು ಸೇತುವೆಯಂತೆ ಕೂರಿಸಿದ್ದಾರೆ. ಮುಂದೆಂದಾದರೂ ನೆಲದಡಿ ಸುರಂಗಮಾರ್ಗ ತೆಗೆಯಬೇಕಾದೀತೆಂಬ ಮುಂದಾಲೋಚನೆಯೂ ಇದರಲ್ಲಿದೆ. ಹೀಗಾಗಿ ಕೆಳಗಿನ ಅಂತಸ್ತಿನಲ್ಲಿ ಕಂಬಗಳ ಕಾಟವಿಲ್ಲ. ಚೌಕದ ಬಯಲು ನೇರವಾಗಿ ಒಳಕ್ಕೆ ಹರಿದು ಬಂದಂತಿದೆ. ನಡುವಣ ಅಂತಸ್ತಿನಲ್ಲಿ ಹೊಲಿಗೆಯ ಯಂತ್ರಗಳು, ಸಂಗೀತವನ್ನು ಮುದ್ರಿಸಿಕೊಳ್ಳುವ ಕೋಣೆಗಳು, ಅಡಿಗೆಮನೆಯೊಂದು. ಮೇಲಿನ ಅಂತಸ್ತಿನಲ್ಲಿ ಸುಮಾರು ಒಂದು ಲಕ್ಷ ಪುಸ್ತಕ. ಕಪಾಟುಗಳು ಆಳೆತ್ತರವನ್ನು ಮೀರುವುದಿಲ್ಲ. ಒಂದು ತುದಿಯಲ್ಲಿ ನಿಂತರೆ ಇನ್ನೊಂದು ತುದಿ ಕಾಣುತ್ತದೆ.

ಪುಸ್ತಕದ ಮನೆಯಲ್ಲಿ ಹೊಲಿಗೆಯ ಯಂತ್ರವೇಕೆ ಎಂದು ಸಾಹಿತ್ಯಾಭಿಮಾನಿಗಳು ಹುಬ್ಬೇರಿಸಬಹುದು. ನನಗೂ ಮೊದಲು ಇದು ಅಷ್ಟಾಗಿ ರುಚಿಸಲಿಲ್ಲ. ಅಂಗಿಯ ಹರಿದ ತೋಳನ್ನು ಹೊಲಿದುಕೊಳ್ಳಲು ಬಂದವನು ಹಿಂದಿರುಗುವಾಗ ಒಂದು ಕಾದಂಬರಿಯನ್ನು ಕೈಗೆತ್ತಿಕೊಂಡಾನು ಎಂಬ ವಾದವನ್ನು ಕೇಳಿದ್ದೇನೆ. ಅದು ಅಷ್ಟೇನೂ ಬಲವಾದ ವಾದವಲ್ಲ; ಅವನು ಕಾದಂಬರಿಯನ್ನು ಎತ್ತಿಕೊಳ್ಳದೆಯೂ ಹೋಗಬಹುದು. ಬಲವಾದದ್ದು ಅಲ್ಲಿನ ಕಾನೂನು. 2017ರಲ್ಲಿ ಜಾರಿಗೆ ಬಂದ ಫಿನ್ಲೆಂಡಿನ ಗ್ರಂಥಾಲಯ ಕಾಯಿದೆ, ಪ್ರಜಾಪ್ರಭುತ್ವವನ್ನೂ ಮಾತಿನ ಸ್ವಾತಂತ್ರ್ಯವನ್ನೂ ಪೋಷಿಸುವುದು ಗ್ರಂಥಾಲಯದ ಕೆಲಸವೆಂದು ಬಾಯಿಬಿಟ್ಟು ಹೇಳುತ್ತದೆ. ಓಡಿಯ ಮೇಲಂತಸ್ತಿಗೆ ದೊಡ್ಡದೊಂದು ಮೊಗಸಾಲೆಯಿದೆ. ಅಲ್ಲಿ ನಿಂತವನು ಎದುರಿನ ಸಂಸತ್ತಿನ ಮೆಟ್ಟಿಲುಗಳ ಮೇಲಿನ ಬಾಗಿಲಿಗೆ ಸರಿಸಮನಾದ ಎತ್ತರದಲ್ಲಿರುತ್ತಾನೆ. ಒಳಗಿನ ಸುರುಳಿ ಮೆಟ್ಟಿಲಿನ ಗೋಡೆಯ ಮೇಲೆ, ಈ ಮನೆ ಯಾರಿಗೆ ಅರ್ಪಿತ ಎಂದು ಜನರೇ ಸೂಚಿಸಿದ ನೂರಾರು ಮಾತುಗಳನ್ನು ಕಲಾವಿದರೊಬ್ಬರು ಬರೆಸಿದ್ದಾರೆ. ಆರೂವರೆ ಲಕ್ಷ ಜನವಿರುವ ಊರಿನಲ್ಲಿ ಮೊದಲ ವರ್ಷ 30 ಲಕ್ಷಕ್ಕೂ ಹೆಚ್ಚು ಸಲ ಜನ ಇದರ ಬಾಗಿಲು ದಾಟಿದರು. ಹೊರಗೆ ಹಿಮ ಬೀಳುವ ಊರು. ಬೆಚ್ಚಗಿರುವ ಮನೆಯಲ್ಲಿ ದಿನವೆಲ್ಲ ಕುಳಿತರೂ ಎದ್ದುಹೋಗೆನ್ನುವವರಿಲ್ಲ. ನಾವೂ ಇದಕ್ಕೆ ಅಪರಿಚಿತರಲ್ಲ. ನಮ್ಮ ರಾಜ್ಯದಲ್ಲಿ 1965ರ ಸಾರ್ವಜನಿಕ ಗ್ರಂಥಾಲಯ ಕಾಯಿದೆಯಿದೆ. ಕಂದಾಯದ ಜೊತೆಗೆ ಶೇಕಡಾ 6ರ ಗ್ರಂಥಾಲಯ ಕರವನ್ನೂ ಮನೆಮನೆಯವರು ಕಟ್ಟುತ್ತಾರೆ. ಕಬ್ಬನ್ ಉದ್ಯಾನದ ಕೆಂಪು ಕಟ್ಟಡದಲ್ಲಿರುವ ಗ್ರಂಥಾಲಯಕ್ಕೆ ನೂರು ವರ್ಷ ದಾಟಿದೆ. ಅಷ್ಟು ಚೆಲುವಾದ ಎರಡನೆಯ ಓದುವ ಮನೆಯನ್ನು ಬೆಂಗಳೂರು ಆಮೇಲೆ ತನಗಾಗಿ ಕಟ್ಟಿಕೊಂಡಿತೆ ಎಂಬುದನ್ನು ಕೇಳುಗರೇ ಯೋಚಿಸಬೇಕು.

ಜಗಲಿಯ ಅಳತೆಯಲ್ಲಿ ಅಂದಕ್ಕೆ ಬೆಲೆಯಿಲ್ಲವೆ ಎಂಬ ಆಕ್ಷೇಪಕ್ಕೆ ಜರ್ಮನಿಯ ಹ್ಯಾಂಬರ್ಗಿನ ಸಂಗೀತಭವನವನ್ನು ತೋರಿಸಿ ಮುಂದೆ ಹೋಗುತ್ತೇನೆ. ಬಂದರಿನಲ್ಲಿ ಕೋಕೋ ತುಂಬಿಡುತ್ತಿದ್ದ ಇಟ್ಟಿಗೆಯ ಉಗ್ರಾಣದ ನೆತ್ತಿಯ ಮೇಲೆ ಗಾಜಿನ ಅಲೆಯಂಥ ಕಟ್ಟಡ. 2010ಕ್ಕೆ ಮುಗಿಯಬೇಕಾದದ್ದು 2017ರ ಜನವರಿಯಲ್ಲಿ ತೆರೆಯಿತು. ಖರ್ಚು 80 ಕೋಟಿ ಯೂರೋಗಳನ್ನು ಮೀರಿ, ಊರವರಿಂದ ಸಾಕಷ್ಟು ಬೈಗುಳವನ್ನೂ ತಿಂದಿತು. ಆದರೂ ಉಗ್ರಾಣಕ್ಕೂ ಗಾಜಿಗೂ ನಡುವೆ, ನೆಲದಿಂದ 37 ಮೀಟರ್ ಮೇಲೆ, ಬಂದರನ್ನೆಲ್ಲ ನೋಡುವಂಥ ಒಂದು ಬಯಲನ್ನು ಬಿಟ್ಟಿದ್ದಾರೆ. ಕಚೇರಿಗೆ ಟಿಕೆಟು ಕೊಳ್ಳಲಾರದವನೂ ಅಲ್ಲಿಯವರೆಗೆ ಏರಬಹುದು ಎಂಬ ನಿಯಮದಿಂದಲೇ ಅದು ತೆರೆಯಿತು. ಅಂದವೂ ಜಗಲಿಯೂ ಒಂದಕ್ಕೊಂದು ವೈರಿಗಳಲ್ಲ.

ನ್ಯೂಯಾರ್ಕಿನ ‘ಹೈ ಲೈನ್’ ಕತೆ ಅಷ್ಟು ಸರಳವಲ್ಲ. ಮ್ಯಾನ್‌ಹ್ಯಾಟನ್ನಿನ ಪಶ್ಚಿಮದಂಚಿನಲ್ಲಿ 1934ರಲ್ಲಿ ಸರಕಿನ ರೈಲುಗಳಿಗಾಗಿ ಕಂಬಗಳ ಮೇಲೆ ಒಂದು ದಾರಿ ಕಟ್ಟಿದ್ದರು. 1980ರಲ್ಲಿ ಕೊನೆಯ ಗಾಡಿ ಓಡಿತು; ಹಳಿಗಳ ನಡುವೆ ಹುಲ್ಲೂ ಕಾಡುಗಿಡಗಳೂ ತಾವಾಗಿ ಬೆಳೆದವು. ಅದನ್ನು ಕೆಡವಬೇಕೆಂದಾಗ, 1999ರಲ್ಲಿ, ನೆರೆಯ ಇಬ್ಬರು ಯುವಕರು, ಜೋಶುವಾ ಡೇವಿಡ್ ಮತ್ತು ರಾಬರ್ಟ್ ಹ್ಯಾಮಂಡ್, ಅದನ್ನು ಉಳಿಸಲು ಸಂಘ ಕಟ್ಟಿದರು. 2009ರಲ್ಲಿ ಮೊದಲ ಭಾಗ, 2011ರಲ್ಲಿ ಎರಡನೆಯದು, 2014ರಲ್ಲಿ ಮೂರನೆಯದು ತೆರೆದು ಸುಮಾರು 2.3 ಕಿಲೋಮೀಟರ್ ಉದ್ದದ ತೂಗುತೋಟವಾಯಿತು. ತೋಟಗಾರ ಪೀಟ್ ಔಡಾಲ್ಫ್ ಪಾಳುಬಿದ್ದ ಹಳಿಯ ಕಾಡುಗಿಡಗಳ ಬೆಡಗನ್ನೇ ಅನುಸರಿಸಿ ಗಿಡ ನೆಟ್ಟರು. ಒಣಗಿದ ಹೂವಿನ ಕಡ್ಡಿಗೂ ಚೆಲುವಿದೆ ಎಂದು ಒಪ್ಪಿಸಿದ ತೋಟ ಇದು.

ಏರಲು ಹಣವಿಲ್ಲ, ತಡೆಯಿಲ್ಲ. ಜಗಲಿಯ ಮೊದಲ ಪ್ರಶ್ನೆಗೆ ಪೂರ್ಣ ಅಂಕ. ಆದರೆ 2005ರಲ್ಲಿ ನಗರಾಡಳಿತ ಆ ಪ್ರದೇಶದ ಕಟ್ಟಡ ನಿಯಮಗಳನ್ನು ಬದಲಿಸಿತ್ತು. ತೋಟದ ಎರಡು ಪಕ್ಕದಲ್ಲಿಯೂ ಕೋಟ್ಯಧೀಶರ ಮನೆಗಳು ಎದ್ದವು, ಬಾಡಿಗೆ ಏರಿತು, ಚಿಕ್ಕಪುಟ್ಟ ಅಂಗಡಿಗಳು ಜಾಗ ಬಿಟ್ಟವು. ಹತ್ತಿರದಲ್ಲಿಯೇ ಸರಕಾರ ಕಟ್ಟಿಸಿದ ಬಡವರ ವಸತಿಗಳಿವೆ. ಪ್ರವಾಸಿಗಳು ಲಕ್ಷಗಟ್ಟಲೆ ಬಂದರೂ ಅಲ್ಲಿಯ ಜನ ತೋಟಕ್ಕೆ ಬರುವುದು ವಿರಳವಾಯಿತು. ತೋಟ ಹೇಗಿರಬೇಕೆಂದು ಮಾತ್ರ ಕೇಳಿದೆವು, ನಿಮಗೇನು ಬೇಕೆಂದು ನೆರೆಯವರನ್ನು ಕೇಳಬೇಕಾಗಿತ್ತು ಎಂದು ಹ್ಯಾಮಂಡ್ ಅವರೇ 2017ರಲ್ಲಿ ಹೇಳಿದರು. ಯಾರನ್ನೂ ಕೈಹಿಡಿದು ಏಳಿಸಲಿಲ್ಲ, ನಿಜ. ಬಾಡಿಗೆಯೇ ಆ ಕೆಲಸವನ್ನು ಮಾಡಿತು.

ನಮ್ಮ ದೇಶದಲ್ಲಿ ಏಳಿಸುವುದು ಇಷ್ಟು ನಯವಾಗಿ ನಡೆಯುವುದಿಲ್ಲ. ಅಹಮದಾಬಾದಿನಲ್ಲಿ ವಾಸ್ತುಶಿಲ್ಪಿ ಬಿಮಲ್ ಪಟೇಲರ ಯೋಜನೆಯಂತೆ 2005ರಲ್ಲಿ ಕೆಲಸ ಆರಂಭವಾಗಿ, 2012ರಿಂದ ಭಾಗಭಾಗವಾಗಿ ತೆರೆದ ಸಾಬರಮತಿ ನದೀತೀರ ಈ ದಶಕದ ಭಾರತದ ದೊಡ್ಡ ಸಾರ್ವಜನಿಕ ಸ್ಥಳ. ಎರಡು ದಡಗಳಲ್ಲಿಯೂ ಹನ್ನೊಂದು ಕಿಲೋಮೀಟರಿಗೂ ಹೆಚ್ಚು ಉದ್ದದ ಕಾಲುದಾರಿ. ಬೇಸಗೆಯಲ್ಲಿ ಒಣಗುತ್ತಿದ್ದ ನದಿಯಲ್ಲಿ ನರ್ಮದೆಯ ಕಾಲುವೆಯ ನೀರು. ಸಂಜೆ ಅಲ್ಲಿ ಊರೇ ನೆರೆಯುತ್ತದೆ. ಆದರೆ ಆ ಒಣ ಮರಳು ಮೊದಲು ಖಾಲಿಯಾಗಿರಲಿಲ್ಲ. ಅಗಸರು, ತರಕಾರಿ ಬೆಳೆಯುವವರು, ದಡದ ಗುಡಿಸಲುಗಳವರು ಅದರಿಂದ ಬದುಕುತ್ತಿದ್ದರು. ಹತ್ತು ಸಾವಿರಕ್ಕೂ ಹೆಚ್ಚು ಕುಟುಂಬಗಳು ಜಾಗ ಬಿಡಬೇಕಾಯಿತು. ವ್ಯಾಜ್ಯ ಉಚ್ಚ ನ್ಯಾಯಾಲಯದವರೆಗೂ ಹೋಯಿತು. ಅನೇಕರಿಗೆ ಸಿಕ್ಕಿದ ಮನೆ ಕೆಲಸದಿಂದ ದೂರದ ಮನೆ. ಆದರೆ ಅಲ್ಲಿಯ ಭಾನುವಾರದ ಸಂತೆ, ಸುಲ್ತಾನರ ಕಾಲದಿಂದ ಬಂದದ್ದೆಂದು ಹೆಸರಾದದ್ದು, ಅಳಿಯಲಿಲ್ಲ. 2014ರಲ್ಲಿ ಅದಕ್ಕೆ ನದಿಯ ಪಕ್ಕದಲ್ಲಿಯೇ ಮರಗಳ ನೆರಳಿನಲ್ಲಿ ಕಟ್ಟೆಗಳನ್ನು ಕಟ್ಟಿಸಿಕೊಟ್ಟರು. ಯೋಜನೆಯಲ್ಲೆಲ್ಲ ನನಗೆ ಮೆಚ್ಚುಗೆಯಾದ ಭಾಗ ಆ ಕಟ್ಟೆಗಳೇ.

ಬೆಂಗಳೂರಿನ ಮಟ್ಟಿಗೆ ಹೇಳಬಹುದಾದದ್ದು 2018ರ ಮಾರ್ಚಿನಲ್ಲಿ ಕಲ್ಲುಹಾಸಿನೊಡನೆ ಮರಳಿ ತೆರೆದ ಚರ್ಚ್ ಸ್ಟ್ರೀಟ್. ಹಳೆಯ ಪುಸ್ತಕಗಳ ಅಂಗಡಿಗಳಿರುವ ಬೀದಿಯಾದುದರಿಂದ ನಮಗೆ ಅದರ ಮೇಲೆ ಕೊಂಚ ಪಕ್ಷಪಾತ ಸಹಜ. ಅಲ್ಲಿ ನಡೆಯುವುದು ಸುಖ. ಕೂರಬೇಕೆಂದರೆ ಮಾತ್ರ ಬಹುಮಟ್ಟಿಗೆ ಕಾಫಿಗೋ ತಿಂಡಿಗೋ ಹಣ ತೆತ್ತು ಒಳಗೆ ಹೋಗಬೇಕು. 2020ರ ನವೆಂಬರಿನಿಂದ ಕೆಲವು ತಿಂಗಳು ವಾರದ ಕೊನೆಯ ದಿನಗಳಲ್ಲಿ ಅಲ್ಲಿ ವಾಹನಗಳನ್ನು ನಿಲ್ಲಿಸಿದ್ದರು. ಕಲ್ಲುಹಾಸು ಆಗ ಪೂರ್ತಿಯಾಗಿ ಕಾಲುಗಳದಾಯಿತು. 2021ರ ಫೆಬ್ರವರಿಯ ನಂತರ ಮೋಟಾರುಗಳು ಹಿಂದಿರುಗಿದವು.

ನನ್ನ ಪಟ್ಟಿಯ ಮೊದಲನೆಯ ಸ್ಥಾನ ಈವರೆಗೆ ಹೇಳಿದ ಯಾವುದಕ್ಕೂ ಅಲ್ಲ, ದಕ್ಷಿಣ ಅಮೆರಿಕದ ಕೊಲಂಬಿಯಾ ದೇಶದ ಮೆಡಲಿನ್ ನಗರದ ನೀರಿನ ತೊಟ್ಟಿಗಳಿಗೆ. ಕಣಿವೆಯಲ್ಲಿರುವ ಊರು, ಹಳ್ಳಿಗಳಿಂದ ಬಂದ ಬಡವರು ಸುತ್ತಣ ಬೆಟ್ಟಗಳ ಇಳಿಜಾರಿನಲ್ಲಿ ಮನೆ ಕಟ್ಟಿಕೊಂಡರು. 1991ರ ಹೊತ್ತಿಗೆ ಕೊಲೆಗಳ ಲೆಕ್ಕದಲ್ಲಿ ಅದು ಲೋಕಕ್ಕೇ ಮೊದಲನೆಯದಾಗಿತ್ತು. ಊರಿನ ನೀರು, ವಿದ್ಯುತ್ತು ನೋಡಿಕೊಳ್ಳುವ ಇ.ಪಿ.ಎಂ. ಎಂಬ ಸಾರ್ವಜನಿಕ ಸಂಸ್ಥೆ ಬೆಟ್ಟದ ಮೇಲೆ ದೊಡ್ಡ ತೊಟ್ಟಿಗಳನ್ನು ಕಟ್ಟಿಸಿ ಸುತ್ತ ತಂತಿಬೇಲಿ ಹಾಕಿತ್ತು. ಕಟ್ಟಿದಾಗ ಅವು ಊರಾಚೆ; ಊರು ಬೆಟ್ಟ ಹತ್ತುತ್ತ ಅವುಗಳನ್ನು ಸುತ್ತುವರಿಯಿತು. ಮನೆಗಳ ಒತ್ತೊತ್ತಿನ ನಡುವೆ ಖಾಲಿ ಜಾಗವೆಂದರೆ ಬೇಲಿಯೊಳಗಿನದು ಮಾತ್ರ. ರಾತ್ರಿಯ ದೀಪಗಳ ನಕ್ಷೆ ತೆಗೆದು ನೋಡಿದಾಗ ಊರಿನಲ್ಲಿ ಕತ್ತಲೆಯ ಮಚ್ಚೆಗಳಾಗಿ ಕಂಡವು ಆ ತೊಟ್ಟಿಗಳ ಆವರಣಗಳೇ.

ಬೇಲಿ ಕೀಳಿಸಿದರು. 2014ರ ನಂತರ ಒಂದೊಂದಾಗಿ ಹತ್ತಕ್ಕೂ ಹೆಚ್ಚು ಆವರಣಗಳು ಜನರಿಗೆ ತೆರೆದವು. ತೊಟ್ಟಿಯ ಮಾಡಿನ ಮೇಲೆ ಕಣಿವೆ ನೋಡುವ ಅಂಗಳ, ಪಕ್ಕದಲ್ಲಿ ಮಕ್ಕಳು ನೆನೆದು ಆಡುವ ಚಿಲುಮೆಗಳು, ಓದುವುದಕ್ಕೆ, ಕುಣಿಯುವುದಕ್ಕೆ, ಸಭೆ ಸೇರುವುದಕ್ಕೆ ಸಣ್ಣ ಕೋಣೆಗಳು. ಏನಿರಬೇಕೆಂದು ಸುತ್ತಲಿನ ಮನೆಯವರನ್ನು ಮೊದಲೇ ಕೂಡಿಸಿ ಕೇಳಿದ್ದರು. ನ್ಯೂಯಾರ್ಕಿನಲ್ಲಿ ತಪ್ಪಿಹೋದ ಕೆಲಸ ಅದು. ಇಲ್ಲಿ ಯಾರ ಮನೆಯನ್ನೂ ತೆಗೆಯಬೇಕಾಗಿರಲಿಲ್ಲ, ಏಕೆಂದರೆ ಬೇಲಿಯೊಳಗೆ ಯಾರೂ ಇರಲಿಲ್ಲ. ಇದೇ ಊರಿನಲ್ಲಿ 2007ರಲ್ಲಿ ಕರಿಬಂಡೆಗಳಂತೆ ಕಾಣುವ ಪ್ರಸಿದ್ಧ ಗ್ರಂಥಾಲಯವೊಂದು ಬೆಟ್ಟದ ಮೇಲೆ ಎದ್ದಿತ್ತು; ಲೋಕದ ಪತ್ರಿಕೆಗಳ ಮುಖಪುಟಗಳಲ್ಲಿ ಮೆರೆದು, ರಚನೆಯ ದೋಷಗಳಿಂದ ಕೆಲವೇ ವರ್ಷಗಳಲ್ಲಿ ಬಾಗಿಲು ಮುಚ್ಚಿತು. ತೊಟ್ಟಿಗಳ ಅಂಗಳದ ಚಿತ್ರ ಅಷ್ಟು ಚೆನ್ನಾಗಿ ಬರುವುದಿಲ್ಲ. ಎಲ್ಲಿಂದ ತೆಗೆದರೂ ಜನ ಅಡ್ಡ ಬರುತ್ತಾರೆ.

ನಮ್ಮ ರಾಜ್ಯದ ಸಣ್ಣಪುಟ್ಟ ಪಟ್ಟಣಗಳಲ್ಲಿಯೂ ಎತ್ತರವಾದ ಒಂದು ಜಾಗದಲ್ಲಿ ನೀರಿನ ತೊಟ್ಟಿಯಿದೆ, ಅದರ ಸುತ್ತ ಕಾಲೆಕರೆಯೋ ಅರೆಕರೆಯೋ ನೆಲವಿದೆ, ಒಂದೆರಡು ಬೇವಿನ ಮರಗಳೂ ಇರುವುದುಂಟು. ಗೇಟಿನ ಬೀಗದ ಕೈ ನೀರುಗಂಟಿಯ ಬಳಿ ಇರುತ್ತದೆ. ದಿನಕ್ಕೆ ಎರಡು ಸಲ, ನೀರು ಬಿಡುವಾಗ ಮತ್ತು ನಿಲ್ಲಿಸುವಾಗ, ಅವನು ಅದನ್ನು ತೆರೆಯುತ್ತಾನೆ.